ಇಮೇಲ್ ಆರ್ಕೈವ್ ತಂತ್ರಾಂಶ: ಉದ್ಯಮಗಳಲ್ಲಿ ಆಯ್ಕೆಯ ಕ್ರಮ

ಇಮೇಲ್ ಆರ್ಕೈವ್ ತಂತ್ರಾಂಶವೆಂದರೆ ಒಂದು ಸಂಸ್ಥೆಗೆ ಬರುವ ಮತ್ತು ಅಲ್ಲಿಂದ ಹೋಗುವ ಇಮೇಲ್‌ಗಳ ಪ್ರತಿಯನ್ನು, ಲಗತ್ತಿಸಿದ ಕಡತಗಳು ಮತ್ತು ರವಾನೆಯ ವಿವರಗಳ ಸಹಿತ, ನೌಕರರ ಮೇಲ್‌ಬಾಕ್ಸ್‌ಗಳಿಂದ ಹೊರಗೆ ಪ್ರತ್ಯೇಕ ಭಂಡಾರದಲ್ಲಿ ಕೂಡಿಟ್ಟು, ನಿಗದಿತ ಅವಧಿಯವರೆಗೆ ತಿದ್ದಲಾಗದಂತೆ ಕಾಪಾಡಿ, ಬೇಕೆಂದಾಗ ಹುಡುಕಿ ತೆಗೆದುಕೊಡುವ ವ್ಯವಸ್ಥೆ. ಕಾಗದದ ಕಾಲದ ಕಚೇರಿಗಳಲ್ಲಿ ಆವಕ-ಜಾವಕ ವಹಿ ಮತ್ತು ದಫ್ತರದ ಕೋಣೆ ಸೇರಿ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳ ಉದ್ಯಮ ವಲಯದಲ್ಲಿ ಸಿಮೆಂಟ್ ಕಾರ್ಖಾನೆಗಳು, ಅವುಗಳಿಗೆ ಬಿಡಿಭಾಗ ಮತ್ತು ಸಾಗಣೆ ಸೇವೆ ಒದಗಿಸುವ ಸಣ್ಣ ಸಂಸ್ಥೆಗಳು, ಫರಸಿ ಕಲ್ಲಿನ ಗಣಿ ಮತ್ತು ಪಾಲಿಶ್ ಘಟಕಗಳು, ತೊಗರಿಯ ದಾಲ್ ಮಿಲ್‌ಗಳು ಒಂದರ ಪಕ್ಕದಲ್ಲೊಂದು ನಡೆಯುತ್ತಿರುವುದರಿಂದ, ದೊಡ್ಡ ಕಂಪನಿಗೂ ಸಣ್ಣ ವ್ಯಾಪಾರಿಗೂ ಈ ಆಯ್ಕೆ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಇಲ್ಲಿ ಒಟ್ಟಿಗೆ ಕಾಣಬಹುದು.

ಆರ್ಕೈವ್ ಮತ್ತು ಬ್ಯಾಕಪ್

ಈ ಎರಡನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯವಾಗಿದ್ದರೂ ಎರಡರ ಉದ್ದೇಶ ಬೇರೆ. ಯಂತ್ರ ಕೆಟ್ಟಾಗ ಅಥವಾ ವೈರಸ್ ದಾಳಿಯಾದಾಗ ಇಡೀ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಲು ತೆಗೆದಿಡುವ ನಕಲು ಬ್ಯಾಕಪ್. ಅದು ಒಂದು ಗೊತ್ತಾದ ಹೊತ್ತಿನಲ್ಲಿ ಮೇಲ್‌ಬಾಕ್ಸ್ ಹೇಗಿತ್ತೋ ಅದನ್ನಷ್ಟೇ ಹಿಡಿದಿಡುತ್ತದೆ, ಹೊಸ ನಕಲು ಬಂದಂತೆ ಹಳೆಯದು ಅಳಿಯುತ್ತದೆ. ಬೆಳಿಗ್ಗೆ ಬಂದ ದೂರಿನ ಇಮೇಲನ್ನು ನೌಕರನೊಬ್ಬ ಮಧ್ಯಾಹ್ನ ಅಳಿಸಿದರೆ ರಾತ್ರಿಯ ಬ್ಯಾಕಪ್‌ನಲ್ಲಿ ಅದರ ಸುಳಿವೂ ಇರುವುದಿಲ್ಲ. ಆರ್ಕೈವ್ ಪ್ರತಿಯೊಂದು ಇಮೇಲನ್ನೂ ಬಿಡಿ ದಾಖಲೆಯಾಗಿ, ಸಂಸ್ಥೆಯ ಸ್ವತ್ತಾಗಿ ಹಿಡಿದಿಡುತ್ತದೆ. ಹಾಗೆಂದು ಆರ್ಕೈವ್ ಇದ್ದ ಮಾತ್ರಕ್ಕೆ ಬ್ಯಾಕಪ್ ಬೇಡವೆಂದಲ್ಲ. ಆರ್ಕೈವಿನ ಭಂಡಾರಕ್ಕೂ ಇನ್ನೊಂದು ಸ್ಥಳದಲ್ಲಿ ಬ್ಯಾಕಪ್ ಬೇಕು.

ಪ್ರಾದೇಶಿಕ ಹಿನ್ನೆಲೆ

ಭೀಮಾ ಶಿಲಾಸಮೂಹದ ಸುಣ್ಣಕಲ್ಲಿನ ನಿಕ್ಷೇಪ ಈ ವಲಯದ ಉದ್ಯಮಗಳಿಗೆ ತಳಹದಿ. ನಿಜಾಮರ ಆಳ್ವಿಕೆಯ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಉದ್ಯಮ ಬೇರೂರಿತ್ತು. 1936ರಲ್ಲಿ ದೇಶದ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಸ್ಥಾಪನೆಯಾದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತು. ವಾಡಿಯಲ್ಲಿ ಎಸಿಸಿಯ ಕಾರ್ಖಾನೆ 1968ರಲ್ಲಿ, ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ರಾಜಶ್ರೀ ಸಿಮೆಂಟ್ 1984ರಲ್ಲಿ, ಸೇಡಂ ಪಟ್ಟಣದಲ್ಲಿ ವಾಸವದತ್ತಾ ಸಿಮೆಂಟ್ 1986ರಲ್ಲಿ, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್ ಸಿಮೆಂಟ್ 2015ರಲ್ಲಿ ಉತ್ಪಾದನೆ ಆರಂಭಿಸಿದವು. ಚಿಂಚೋಳಿ ತಾಲ್ಲೂಕಿನಲ್ಲಿ ಫ್ರಾನ್ಸಿನ ವಿಕಾ ಸಮೂಹಕ್ಕೆ ಸೇರಿದ ಕಲಬುರ್ಗಿ ಸಿಮೆಂಟ್ ಮತ್ತು ಚೆಟ್ಟಿನಾಡ್ ಸಿಮೆಂಟ್ ಘಟಕಗಳಿವೆ.

ಆರ್ಕೈವಿನ ದೃಷ್ಟಿಯಿಂದ ಈ ಚರಿತ್ರೆಯಲ್ಲಿ ಮುಖ್ಯವಾದುದು ಒಡೆತನದ ಬದಲಾವಣೆ. ಮಳಖೇಡದ ಘಟಕ ಇಂಡಿಯನ್ ರೇಯಾನ್ ಕಂಪನಿಯಿಂದ 1998ರಲ್ಲಿ ಗ್ರಾಸಿಮ್‌ಗೂ 2010ರಲ್ಲಿ ಅಲ್ಟ್ರಾಟೆಕ್‌ಗೂ ಹೋಯಿತು. ಎಸಿಸಿ 2022ರ ಸೆಪ್ಟೆಂಬರಿನಲ್ಲಿ ಅದಾನಿ ಸಮೂಹದ ಪಾಲಾಯಿತು. ಕೇಸೋರಾಂ ಸಂಸ್ಥೆಯ ಸಿಮೆಂಟ್ ವ್ಯವಹಾರ, ಅದರೊಂದಿಗೆ ಸೇಡಂನ ವಾಸವದತ್ತಾ ಕಾರ್ಖಾನೆ, 2025ರ ಮಾರ್ಚ್ 1ರಿಂದ ಅಲ್ಟ್ರಾಟೆಕ್‌ಗೆ ಸೇರಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಓರಿಯಂಟ್ ಸಿಮೆಂಟಿನ ನಿಯಂತ್ರಣ ಅಂಬುಜಾ ಸಿಮೆಂಟ್ಸ್‌ಗೆ ಬಂತು. ಒಂದು ಕಾರ್ಖಾನೆ ಕೈ ಬದಲಿಸಿದಾಗ ಸಾಮಾನ್ಯವಾಗಿ ಇಮೇಲ್ ವಿಳಾಸದ ಡೊಮೈನ್, ಸರ್ವರ್ ಮತ್ತು ಸೇವಾ ಒಪ್ಪಂದಗಳೂ ಬದಲಾಗುತ್ತವೆ. ಆದರೆ ಗಣಿ ಗುತ್ತಿಗೆ, ಪರಿಸರ ಅನುಮತಿ, ಕಾರ್ಮಿಕ ವ್ಯಾಜ್ಯ, ತೆರಿಗೆ ತಕರಾರುಗಳಿಗೆ ಸಂಬಂಧಿಸಿದ ಹಳೆಯ ಪತ್ರವ್ಯವಹಾರದ ಹೊಣೆ ಅಷ್ಟಕ್ಕೇ ಮುಗಿಯುವುದಿಲ್ಲ. ಕಾರ್ಖಾನೆಗೆ ಮಾಲು ಕೊಟ್ಟ ಸಣ್ಣ ವ್ಯಾಪಾರಿಯ ಕಡೆಯಿಂದ ನೋಡಿದರೂ ಅಷ್ಟೇ: ಹಳೆಯ ಹೆಸರಿನ ವಿಳಾಸದಿಂದ ಬಂದ ಖರೀದಿ ಆದೇಶವೇ ಅವನ ಬಾಕಿಗೆ ಆಧಾರ. ಆದುದರಿಂದ ಈ ವಲಯದಲ್ಲಿ ತಂತ್ರಾಂಶವನ್ನು ಅಳೆಯಬೇಕಾದ ಮೊದಲ ಪ್ರಶ್ನೆಯೆಂದರೆ, ಆ ತಂತ್ರಾಂಶವನ್ನೇ ಬಿಡಬೇಕಾಗಿ ಬಂದ ದಿನ ದಾಖಲೆಗಳು ಸಂಸ್ಥೆಯ ಕೈಯಲ್ಲಿ ಪೂರ್ಣವಾಗಿ ಉಳಿಯುತ್ತವೆಯೇ ಎಂಬುದು.

ಕಾನೂನಿನ ಚೌಕಟ್ಟು

ಎಲ್ಲ ಇಮೇಲ್‌ಗಳನ್ನೂ ಇಂತಿಷ್ಟು ವರ್ಷ ಇಡಬೇಕೆಂದು ಭಾರತದ ಯಾವ ಒಂದು ಕಾಯಿದೆಯೂ ಎಲ್ಲ ಉದ್ಯಮಗಳಿಗೆ ಅನ್ವಯಿಸುವಂತೆ ಹೇಳಿಲ್ಲ. ಇಮೇಲ್ ಯಾವ ವ್ಯವಹಾರದ ದಾಖಲೆಯೋ ಆ ವ್ಯವಹಾರದ ಕಾಯಿದೆಯೇ ಅವಧಿಯನ್ನು ನಿರ್ಧರಿಸುತ್ತದೆ. 2013ರ ಕಂಪನಿ ಕಾಯಿದೆಯ 128ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನೂ ಸಂಬಂಧಿಸಿದ ವೋಚರ್‌ಗಳನ್ನೂ ಎಂಟು ಹಣಕಾಸು ವರ್ಷಗಳ ಕಾಲ ಇಡಬೇಕು. 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಅಂದರೆ 2023-24ನೇ ಸಾಲಿಗೆ ಆ ದಿನ 2024ರ ಡಿಸೆಂಬರ್ 31 ಆಗಿದ್ದುದರಿಂದ ದಾಖಲೆಗಳು 2030ರ ಡಿಸೆಂಬರ್ 31ರವರೆಗೆ ಇರಬೇಕು, ಮೇಲ್ಮನವಿ ನಡೆಯುತ್ತಿದ್ದರೆ ಅದು ಅಂತಿಮವಾಗಿ ಇತ್ಯರ್ಥವಾದ ಮೇಲೆ ಇನ್ನೂ ಒಂದು ವರ್ಷ ಅಥವಾ ಈ 72 ತಿಂಗಳು, ಯಾವುದು ಮುಂದಿನದೋ ಅಲ್ಲಿಯವರೆಗೆ ಇರಬೇಕು.

ಇಮೇಲಿನ ಮೂಲಕವೇ ಕರಾರು ಏರ್ಪಡಬಹುದು ಎಂಬುದು ಸ್ಥಿರಪಟ್ಟ ವಿಚಾರ. ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಬಾಕ್ಸೈಟ್ ಅದಿರು ಪೂರೈಕೆಯ ಬಗ್ಗೆ ಇಮೇಲ್‌ಗಳಲ್ಲಿ ನಡೆದ ಪ್ರಸ್ತಾಪ ಮತ್ತು ಒಪ್ಪಿಗೆಯೇ ಕರಾರಿಗೆ ಸಾಕು, ಔಪಚಾರಿಕ ಒಪ್ಪಂದಕ್ಕೆ ಸಹಿಯಾಗಿಲ್ಲವೆಂಬ ಕಾರಣಕ್ಕೆ ಅದು ಬೀಳದು ಎಂದು ತೀರ್ಪಿತ್ತಿತು. ಖನಿಜ ವ್ಯಾಪಾರವೇ ಜೀವಾಳವಾದ ವಲಯಕ್ಕೆ ಈ ತೀರ್ಪು ನೇರವಾಗಿ ಹೊಂದುತ್ತದೆ. ಸಣ್ಣ ಉದ್ಯಮಗಳಿಗೆ ಸಂಬಂಧಿಸಿದ 2006ರ ಎಂಎಸ್‌ಎಂಇಡಿ ಕಾಯಿದೆಯೂ ಅಷ್ಟೇ ಮುಖ್ಯವಾದುದು: ನೋಂದಾಯಿತ ಸಣ್ಣ ಅಥವಾ ಅತಿಸಣ್ಣ ಘಟಕದಿಂದ ಮಾಲು ಕೊಂಡವರು ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ಮಾಲು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಮಾಲು ತಲುಪಿದ ದಿನವೇ ಅದನ್ನು ಸ್ವೀಕರಿಸಿದಂತೆ ಎಣಿಸಲಾಗುತ್ತದೆ. ಶಹಾಬಾದಿನ ಕಲ್ಲಿನ ವ್ಯಾಪಾರಿಯೊಬ್ಬ ದೂರದ ಊರಿಗೆ ಲಾರಿ ತುಂಬ ಫರಸಿ ಕಳಿಸಿ, ಎರಡು ತಿಂಗಳ ನಂತರ ಕಲ್ಲಿನ ದಪ್ಪದ ಬಗ್ಗೆ ತಕರಾರು ಬಂದಾಗ, ಆ ಹದಿನೈದು ದಿನಗಳಲ್ಲಿ ಯಾವ ಆಕ್ಷೇಪದ ಇಮೇಲೂ ಬಂದಿಲ್ಲವೆಂದು ತೋರಿಸಬೇಕಾದರೆ, ಬಂದ ಇಮೇಲ್‌ಗಳೆಲ್ಲ ಒಂದೂ ಬಿಡದೆ ದಾಖಲಾಗಿವೆ ಎಂಬ ಭರವಸೆ ಹುಟ್ಟಿಸುವ ಆರ್ಕೈವ್ ಬೇಕಾಗುತ್ತದೆ. ಇದ್ದುದನ್ನು ತೋರಿಸುವುದಕ್ಕಿಂತ ಇರಲಿಲ್ಲವೆಂಬುದನ್ನು ತೋರಿಸುವುದು ಕಷ್ಟ. ಆರ್ಕೈವಿನ ಪೂರ್ಣತೆಗೆ ಬೆಲೆ ಬರುವುದು ಇಲ್ಲಿ.

ಇಮೇಲನ್ನು ಕಾನೂನು ಒಪ್ಪುವ ದಾಖಲೆಯಾಗಿ ಇಡಲು ಮತ್ತು ಅದು ಸಾಕ್ಷ್ಯವಾಗಿ ನಿಲ್ಲಲು ಎರಡು ಕಾಯಿದೆಗಳ ಷರತ್ತುಗಳನ್ನು ಪೂರೈಸಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 7ನೇ ಕಲಮು, ವಿದ್ಯುನ್ಮಾನ ದಾಖಲೆ ಮುಂದೆಯೂ ತೆರೆದು ನೋಡುವಂತಿರಬೇಕು, ಮೂಲ ರೂಪದಲ್ಲಿ ಅಥವಾ ಮೂಲವನ್ನು ನಿಖರವಾಗಿ ಬಿಂಬಿಸುವ ರೂಪದಲ್ಲಿರಬೇಕು, ಎಲ್ಲಿಂದ ಎಲ್ಲಿಗೆ ಯಾವ ದಿನ ಯಾವ ವೇಳೆಗೆ ಹೋಯಿತೆಂಬ ವಿವರ ಅದರೊಂದಿಗೆ ಉಳಿದಿರಬೇಕು ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು, ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಕಲಮಿನ ಜಾಗದಲ್ಲಿ ಬಂದಿದ್ದು, ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನೂ ಅದರಲ್ಲಿ ದಾಖಲೆಯ ಹ್ಯಾಷ್ ಮೌಲ್ಯವನ್ನೂ ಕೇಳುತ್ತದೆ. ಕಡತದ ಒಳಗಿನ ಎಲ್ಲ ಅಕ್ಷರಗಳಿಂದ ಗಣಿತಸೂತ್ರದ ಮೂಲಕ ಹೊರಡುವ ಒಂದು ಚಿಕ್ಕ ಸಂಕೇತವೇ ಹ್ಯಾಷ್. ಕಡತದಲ್ಲಿ ಒಂದೇ ಒಂದು ಅಲ್ಪವಿರಾಮ ಬದಲಾದರೂ ಸಂಕೇತ ಬೇರೆಯಾಗುವುದರಿಂದ ತಿದ್ದುಪಡಿ ಬಯಲಾಗುತ್ತದೆ. ಇಂತಹ ಪ್ರಮಾಣಪತ್ರದ ಅಗತ್ಯವನ್ನು ಸುಪ್ರೀಂ ಕೋರ್ಟ್ 2014ರ ಅನ್ವರ್ ಮತ್ತು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣಗಳಲ್ಲಿ ಒತ್ತಿ ಹೇಳಿದೆ. ಕಾಗದದ ಮೇಲೆ ಮುದ್ರಿಸಿ ಫೈಲಿಗೆ ಸೇರಿಸಿದ ಇಮೇಲ್ ಈ ಷರತ್ತುಗಳನ್ನು ತಾನಾಗಿ ಪೂರೈಸಲಾರದು.

ಇದಕ್ಕೆ ಎದುರಾದ ಇನ್ನೊಂದು ಹೊಣೆಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಬೇರೆ ಕಾಯಿದೆಯ ಪ್ರಕಾರ ಇಡಬೇಕಾದ ಅಗತ್ಯವಿಲ್ಲದಿದ್ದರೆ, ಉದ್ದೇಶ ಮುಗಿದ ಮೇಲೆ ಜನರ ವೈಯಕ್ತಿಕ ವಿವರಗಳನ್ನು ಅಳಿಸಬೇಕೆಂದು ಈ ಕಾಯಿದೆ ಹೇಳುತ್ತದೆ. ಹೀಗಾಗಿ ಇಡುವ ಶಕ್ತಿಯಷ್ಟೇ, ಅವಧಿ ಮುಗಿದಾಗ ಕ್ರಮವಾಗಿ ಅಳಿಸುವ ಶಕ್ತಿಯೂ ತಂತ್ರಾಂಶಕ್ಕೆ ಬೇಕು.

ಕೆಲಸ ಮಾಡುವ ಬಗೆ

ಇಮೇಲ್‌ಗಳು ಆರ್ಕೈವಿಗೆ ಸೇರುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಜರ್ನಲಿಂಗ್: ಇಮೇಲ್ ಸರ್ವರನ್ನು ಹಾದುಹೋಗುವ ಕ್ಷಣದಲ್ಲೇ ಅದರ ಪ್ರತಿಯೊಂದು ಆರ್ಕೈವಿಗೆ ಹೋಗುತ್ತದೆ, ಆದುದರಿಂದ ನೌಕರ ಆಮೇಲೆ ಅಳಿಸಿದರೂ ಪ್ರತಿ ಉಳಿದಿರುತ್ತದೆ, ಸರಿಯಾದ ಜರ್ನಲಿಂಗ್ ವ್ಯವಸ್ಥೆ ಗುಪ್ತಪ್ರತಿ ಯಾರಿಗೆ ಹೋಯಿತೆಂಬುದನ್ನೂ ದಾಖಲಿಸುತ್ತದೆ. ಎರಡನೆಯದು, ಐಮ್ಯಾಪ್ ಎಂಬ ಪದ್ಧತಿಯಿಂದ ನಿಗದಿತ ಹೊತ್ತಿಗೊಮ್ಮೆ ಮೇಲ್‌ಬಾಕ್ಸನ್ನು ಓದಿ ಅಲ್ಲಿರುವುದನ್ನು ನಕಲಿಸುವುದು. ಹಳೆಯ ಇಮೇಲ್‌ಗಳನ್ನು ಒಳತರಲು ಇದು ಅನಿವಾರ್ಯವಾದರೂ, ಎರಡು ಓದುಗಳ ನಡುವೆ ಅಳಿಸಿಹೋದುದು ಇದರ ಕಣ್ಣಿಗೆ ಬೀಳದು. ಮುಂದಿನ ದಿನಗಳ ದಾಖಲೆಗೆ ಜರ್ನಲಿಂಗ್, ಹಿಂದಿನ ದಿನಗಳ ದಾಖಲೆಗೆ ಐಮ್ಯಾಪ್ ಎಂಬುದು ಒಪ್ಪಿತ ಕ್ರಮ.

ಒಳಬಂದ ಪ್ರತಿಗೆ ತಂತ್ರಾಂಶ ಹ್ಯಾಷ್ ಮೌಲ್ಯ ಹಚ್ಚಿ, ಒಂದೇ ಲಗತ್ತು ಹತ್ತು ಜನರಿಗೆ ಹೋಗಿದ್ದರೆ ಒಂದೇ ಸಲ ಉಳಿಸಿ, ಪದಗಳ ಸೂಚಿ ತಯಾರಿಸಿ, ವರ್ಗಕ್ಕೆ ತಕ್ಕ ಅವಧಿ ಗೊತ್ತುಪಡಿಸುತ್ತದೆ. ವ್ಯಾಜ್ಯ ಅಥವಾ ತನಿಖೆ ಎದುರಾದಾಗ ಸಂಬಂಧಿಸಿದ ಇಮೇಲ್‌ಗಳನ್ನು ಅವಧಿ ಮುಗಿದರೂ ಅಳಿಸದಂತೆ ತಡೆಹಿಡಿಯುವ ಸೌಲಭ್ಯಕ್ಕೆ ಲೀಗಲ್ ಹೋಲ್ಡ್ ಎಂದು ಹೆಸರು.

ತಂತ್ರಾಂಶದ ಬಗೆಗಳು

ಮಾರುಕಟ್ಟೆಯಲ್ಲಿರುವುದನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಇಮೇಲ್ ಸೇವೆಯೊಳಗೇ ಅಡಕವಾದದ್ದು: ಗೂಗಲ್ ವರ್ಕ್‌ಸ್ಪೇಸ್‌ನ ಮೇಲ್ದರ್ಜೆಯ ಯೋಜನೆಗಳಲ್ಲಿ ಸಿಗುವ ಗೂಗಲ್ ವಾಲ್ಟ್, ಮೈಕ್ರೋಸಾಫ್ಟ್ 365ರ ಎಕ್ಸ್‌ಚೇಂಜ್ ಆನ್‌ಲೈನ್ ಆರ್ಕೈವಿಂಗ್ ಈ ಬಗೆಯವು. ಬೇರೆ ಸಲಕರಣೆ ಬೇಡದ ಅನುಕೂಲ ಇವುಗಳದು. ಆದರೆ ದಾಖಲೆ ಬಳಕೆದಾರನ ಖಾತೆಗೆ ಕಟ್ಟುಬಿದ್ದಿರುತ್ತದೆ. ಕೆಲಸ ಬಿಟ್ಟವನ ಖಾತೆಯನ್ನು ಸೂಕ್ತ ಏರ್ಪಾಡಿಲ್ಲದೆ ಅಳಿಸಿದರೆ ವಾಲ್ಟ್‌ನಲ್ಲಿದ್ದ ಅವನ ದಾಖಲೆಯೂ ಹೋಗುತ್ತದೆ ಎಂಬುದನ್ನು ಆಡಳಿತಗಾರರು ತಿಳಿದಿರಬೇಕು. ಉಚಿತ ವೈಯಕ್ತಿಕ ಜಿಮೇಲ್ ಖಾತೆಗೆ ಈ ಸೌಲಭ್ಯವೇ ಇಲ್ಲ. ಅಂತಹ ಖಾತೆಯಲ್ಲಿ ವ್ಯಾಪಾರ ನಡೆಸುವವರು ಮೊದಲು ಸ್ವಂತ ಡೊಮೈನ್ ಇರುವ ಇಮೇಲ್ ಪಡೆಯಬೇಕು.

ಎರಡನೆಯದು ಸಂಸ್ಥೆಯ ಸ್ವಂತ ಯಂತ್ರದಲ್ಲಿ ಸ್ಥಾಪಿಸುವಂಥದು. ಜರ್ಮನಿಯ ಮೇಲ್‌ಸ್ಟೋರ್ ಸರ್ವರ್, ಮುಕ್ತ ಆಕರದ ಪೈಲರ್ ಇದಕ್ಕೆ ನಿದರ್ಶನಗಳು. ದಾಖಲೆ ಕಣ್ಣೆದುರಿಗೇ ಇರುತ್ತದೆ, ತಿಂಗಳ ಬಾಡಿಗೆ ಕಡಿಮೆ ಅಥವಾ ಇಲ್ಲ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಸೆಕೆ, ಸಿಮೆಂಟ್ ಮತ್ತು ಕಲ್ಲು ಕೊರೆತದ ಧೂಳು, ಕರೆಂಟ್ ಹೋಗಿ ಬರುವುದು ಇವೆಲ್ಲವನ್ನೂ ತಡೆಯುವ ಮುಚ್ಚಿದ ಕೋಣೆ, ಯುಪಿಎಸ್, ನೋಡಿಕೊಳ್ಳುವ ತಿಳಿವಳಿಕಸ್ಥ ಬೇಕು. ಮೂರನೆಯದು ಬೇರೊಂದು ಕಂಪನಿಯ ಕ್ಲೌಡ್ ಆರ್ಕೈವ್: ಮೈಮ್‌ಕಾಸ್ಟ್, ಬರಾಕುಡಾ, ಪುಣೆಯ ಮಿಥಿ ಸಂಸ್ಥೆಯ ವಾಲ್ಟಾಸ್ಟಿಕ್ ಈ ವರ್ಗದವು. ಇಮೇಲ್ ಸೇವೆ ಬದಲಾದರೂ ಆರ್ಕೈವ್ ಹಾಗೆಯೇ ಉಳಿಯುವುದು ಇವುಗಳ ದೊಡ್ಡ ಗುಣ.

ಆಯ್ಕೆಯ ಅಳತೆಗೋಲುಗಳು

ಮೊದಲ ಅಳತೆ ಪರಿಮಾಣದ್ದು. ನಿದರ್ಶನಕ್ಕೆ 25 ನೌಕರರ ಸಾಗಣೆ ಸಂಸ್ಥೆಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 60 ಇಮೇಲ್, ಪ್ರತಿಯೊಂದೂ ಸರಾಸರಿ 150 ಕಿಲೋಬೈಟ್, ವರ್ಷಕ್ಕೆ 300 ಕೆಲಸದ ದಿನಗಳೆಂದು ಹಿಡಿದರೆ, ವರ್ಷಕ್ಕೆ ನಾಲ್ಕೂವರೆ ಲಕ್ಷ ಇಮೇಲ್‌ಗಳು, ಸುಮಾರು 67 ಗಿಗಾಬೈಟ್. ಎಂಟು ವರ್ಷಕ್ಕೆ ಸುಮಾರು 540 ಗಿಗಾಬೈಟ್ ಆಗುತ್ತದೆ. ಲಗತ್ತುಗಳ ನಕಲು ತೆಗೆದು ಸಂಕೋಚಿಸಿದರೆ ಇದು ಗಣನೀಯವಾಗಿ ಇಳಿಯುತ್ತದೆ. ಈ ಲೆಕ್ಕ ಮೊದಲೇ ಕೈಯಲ್ಲಿದ್ದರೆ ಮಾರಾಟಗಾರರು ಕೊಡುವ ದರಪಟ್ಟಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದು.

ಎರಡನೆಯ ಅಳತೆ ಹುಡುಕಾಟದ್ದು, ಕಲಬುರಗಿ ಜಿಲ್ಲೆಯಲ್ಲಿ ಇದು ವಿಶೇಷ ಗಮನ ಬೇಡುತ್ತದೆ. ಗುಲ್ಬರ್ಗ ಎಂಬ ಅಧಿಕೃತ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ ಆದುದರಿಂದ ಒಂದೇ ಊರಿನ ಪತ್ರಗಳು ಎರಡು ಹೆಸರಿನಲ್ಲಿರುತ್ತವೆ. ರೈಲು ದಾಖಲೆಗಳಲ್ಲಿ ಸೇಡಂ ಎಂಬುದು ಸೇರಂ ಆಗಿರುತ್ತದೆ, ರೋಮನ್ ಲಿಪಿಯಲ್ಲಿ ಚಿತ್ತಾಪುರಕ್ಕೆ ಒಂದು ಟಿ ಕೆಲವೆಡೆ, ಎರಡು ಟಿ ಕೆಲವೆಡೆ. ಸಮಾನ ಹೆಸರುಗಳ ಪಟ್ಟಿಯನ್ನು ಒಮ್ಮೆ ಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ಹುಡುಕುವ ತಂತ್ರಾಂಶ ಇಲ್ಲಿ ಉಪಯುಕ್ತ. ಕನ್ನಡ ಲಿಪಿಯ ಪತ್ರಗಳದು ಇನ್ನೂ ಸೂಕ್ಷ್ಮ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪತ್ರದೊಳಗೆ ಇರುವುದು ರೋಮನ್ ಸಂಕೇತಗಳೇ ಆದ್ದರಿಂದ ಯೂನಿಕೋಡ್‌ನಲ್ಲಿ ಹುಡುಕಿದರೆ ಅದು ಸಿಗದು. ಆರ್ಕೈವಿಗೆ ಸೇರಿಸುವಾಗ ಮೂಲವನ್ನು ಮುಟ್ಟದೆ, ಯೂನಿಕೋಡಿಗೆ ಪರಿವರ್ತಿಸಿದ ಇನ್ನೊಂದು ಪ್ರತಿಯನ್ನು ಜೊತೆಗಿಡುವುದು ಪರಿಹಾರ. ಯೂನಿಕೋಡಿನಲ್ಲೂ ಚಿಂಚೋಳಿಯ ‘ಚೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಬರುತ್ತದೆ. ಎರಡನ್ನೂ ಒಂದೇ ಎಂದು ತಿಳಿಯುವ ಸಮೀಕರಣ ಗುಣ ಸೂಚಿಗೆ ಇರಬೇಕು. ವಿಭಕ್ತಿ ಹತ್ತಿ ಪದದ ಕೊನೆ ಬದಲಾಗುವುದು ಕನ್ನಡದ ಸ್ವಭಾವವಾದುದರಿಂದ, ‘ಶಹಾಬಾದ’ ಎಂದು ಹುಡುಕಿದಾಗ ‘ಶಹಾಬಾದದಿಂದ’ ಎಂಬುದೂ ಸಿಗುವಂತೆ ಪದದ ಆರಂಭದ ಭಾಗದಿಂದ ಹುಡುಕುವ ಸೌಲಭ್ಯ ಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು ಬರಿಯ ಚಿತ್ರಗಳಾದುದರಿಂದ ಅಕ್ಷರ ಗುರುತಿಸುವ ಒಸಿಆರ್ ಇಲ್ಲದೆ ಅವು ಹುಡುಕಾಟಕ್ಕೆ ಸಿಗುವುದಿಲ್ಲ.

ಮೂರನೆಯದು ಪ್ರವೇಶದ ಹತೋಟಿ. ಆರ್ಕೈವಿನಲ್ಲಿ ಸಂಬಳ, ಶಿಸ್ತುಕ್ರಮ, ಅಪಘಾತ, ಕಾಯಿಲೆಗಳ ವಿವರಗಳೂ ಇರುವುದರಿಂದ, ಕಂಪ್ಯೂಟರ್ ನೋಡಿಕೊಳ್ಳುವವನು ವ್ಯವಸ್ಥೆಯನ್ನು ನಡೆಸಬಹುದು ಆದರೆ ಪತ್ರಗಳನ್ನು ಓದಲಾಗದು ಎಂಬ ವಿಂಗಡಣೆ ಸಾಧ್ಯವಾಗಬೇಕು. ಇನ್ನೊಬ್ಬರ ಪತ್ರಗಳನ್ನು ತೆರೆಯಲು ಇಬ್ಬರ ಒಪ್ಪಿಗೆ ಬೇಕೆಂದು ಗೊತ್ತುಪಡಿಸಲು ಬರಬೇಕು, ಯಾರು ಯಾವಾಗ ಏನನ್ನು ಹುಡುಕಿದರೆಂಬುದು ಅಳಿಸಲಾಗದ ವಹಿಯಲ್ಲಿ ದಾಖಲಾಗಬೇಕು. ಆರ್ಕೈವ್ ಇದೆಯೆಂಬುದನ್ನು ನೌಕರರಿಗೆ ಬರಹದಲ್ಲಿ ತಿಳಿಸುವುದು ನ್ಯಾಯವೂ ಹೌದು, ಮುಂದಿನ ತಕರಾರಿಗೆ ತಡೆಯೂ ಹೌದು.

ನಾಲ್ಕನೆಯದೂ ಎಲ್ಲಕ್ಕಿಂತ ತೂಕದ್ದೂ ಆದ ಅಳತೆ ನಿರ್ಗಮನದ್ದು. ಇಮೇಲ್‌ಗಳನ್ನು ಹೊರತೆಗೆಯುವ ರೂಪಗಳಲ್ಲಿ ಇಎಂಎಲ್ ಎಂಬುದು ಪ್ರತಿ ಇಮೇಲಿಗೊಂದು ಕಡತವಾಗಿ, ಮೂಲ ರವಾನೆಯ ತಲೆಬರಹವನ್ನು ಉಳಿಸಿಕೊಂಡಿರುತ್ತದೆ, ಬಹುತೇಕ ಎಲ್ಲ ಇಮೇಲ್ ತಂತ್ರಾಂಶಗಳೂ ಅದನ್ನು ತೆರೆಯುತ್ತವೆ. ಎಂಬಾಕ್ಸ್ ಅನೇಕ ಇಮೇಲ್‌ಗಳನ್ನು ಒಂದೇ ಕಡತದಲ್ಲಿ ಸಾಲಾಗಿ ಇಡುತ್ತದೆ. ಪಿಎಸ್‌ಟಿ ಮೈಕ್ರೋಸಾಫ್ಟ್ ಔಟ್‌ಲುಕ್‌ನದು, ಗಾತ್ರ ಹೆಚ್ಚಾದಂತೆ ಕೆಡುವ ಸಂಭವ ಅದಕ್ಕೆ ಹೆಚ್ಚು. ಇಡೀ ಭಂಡಾರವನ್ನು ಇಎಂಎಲ್ ರೂಪದಲ್ಲಿ, ಹ್ಯಾಷ್ ಪಟ್ಟಿಯೊಡನೆ, ಹೆಚ್ಚುವರಿ ಶುಲ್ಕವಿಲ್ಲದೆ ಅಥವಾ ಮೊದಲೇ ಬರೆದುಕೊಂಡ ಶುಲ್ಕಕ್ಕೆ, ಇಂತಿಷ್ಟು ದಿನಗಳಲ್ಲಿ ಮರಳಿಸಬೇಕೆಂಬ ಮಾತು ಕರಾರಿನಲ್ಲಿರಬೇಕು. ಸಂಸ್ಥೆ ವಿಲೀನವಾದರೆ, ಡೊಮೈನ್ ಬದಲಾದರೆ, ಮಾರಾಟಗಾರನೇ ಅಂಗಡಿ ಮುಚ್ಚಿದರೆ ಏನಾಗುತ್ತದೆಂಬುದನ್ನೂ ಅಲ್ಲೇ ಬರೆಯಿಸಿಕೊಳ್ಳಬೇಕು.

ಜಾರಿಯ ಕ್ರಮ

ಆಯ್ಕೆಗೆ ಮೊದಲು ಸಂಸ್ಥೆ ತನ್ನ ಇಮೇಲ್‌ಗಳನ್ನು ಖರೀದಿ ಮತ್ತು ಮಾರಾಟ, ತೆರಿಗೆ, ಗಣಿ ಮತ್ತು ಪರಿಸರ, ನೌಕರರ ವಿಷಯ, ಸಾಮಾನ್ಯ ಎಂದು ವಿಂಗಡಿಸಿ, ಲೆಕ್ಕಪರಿಶೋಧಕರು ಮತ್ತು ವಕೀಲರ ಸಲಹೆಯಂತೆ ಒಂದೊಂದಕ್ಕೂ ಅವಧಿ ಬರೆದಿಡಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪರಿಸರ ಅನುಮತಿಯ ಷರತ್ತುಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕಾದ ಗಣಿ ಮತ್ತು ಕಾರ್ಖಾನೆಗಳಿಗೆ, ಆ ವರದಿಗಳ ಸಲ್ಲಿಕೆಯ ಇಮೇಲ್‌ಗಳನ್ನು ಘಟಕ ನಡೆಯುವಷ್ಟು ಕಾಲವೂ ಇಡುವುದು ವಿವೇಕ. ಆಮೇಲೆ ಎರಡು ಅಥವಾ ಮೂರು ತಂತ್ರಾಂಶಗಳನ್ನು ಒಂದು ವಿಭಾಗದಲ್ಲಿ ಪ್ರಾಯೋಗಿಕವಾಗಿ ನಡೆಸಿ, ಮೇಲಿನ ಅಳತೆಗಳಿಂದ ತೂಗಬೇಕು. ವಾಟ್ಸ್ಆ್ಯಪ್‌ನಲ್ಲಿ ನಡೆಯುವ ವ್ಯವಹಾರದ ಮಾತುಗಳು ಇಮೇಲ್ ಆರ್ಕೈವಿಗೆ ಸೇರುವುದಿಲ್ಲವಾದ್ದರಿಂದ, ದರ, ಪ್ರಮಾಣ, ದಿನಾಂಕಗಳನ್ನು ಇಮೇಲಿನಲ್ಲಿ ಖಚಿತಪಡಿಸುವ ರೂಢಿಯನ್ನು ಸಿಬ್ಬಂದಿಗೆ ಕಲಿಸುವುದೂ ಈ ಕೆಲಸದ ಭಾಗವೇ.

ಆರ್ಕೈವ್ ನಡೆಯತೊಡಗಿದ ಮೇಲೆ ವರ್ಷಕ್ಕೊಮ್ಮೆ ಅದನ್ನು ಪರೀಕ್ಷಿಸಬೇಕು: ಹಳೆಯ ಖರೀದಿ ಆದೇಶವೊಂದನ್ನು, ಅದನ್ನು ಬರೆದ ನೌಕರ ಈಗ ಸಂಸ್ಥೆಯಲ್ಲಿಲ್ಲದಿದ್ದರೂ, ಹುಡುಕಿ ತೆಗೆದು, ಇಎಂಎಲ್ ರೂಪದಲ್ಲಿ ಹೊರತಂದು, ಹ್ಯಾಷ್ ಮೌಲ್ಯ ತಾಳೆ ನೋಡಿ, ಆರ್ಕೈವಿಗೆ ಸಂಬಂಧವಿಲ್ಲದ ಬೇರೊಂದು ತಂತ್ರಾಂಶದಲ್ಲಿ ತೆರೆದು ಓದಬೇಕು. ಈ ನಾಲ್ಕೂ ಹಂತಗಳಲ್ಲಿ ತೇರ್ಗಡೆಯಾದ ತಂತ್ರಾಂಶ, ಅದರ ಬೆಲೆ ಕಡಿಮೆಯಿರಲಿ ಹೆಚ್ಚಿರಲಿ, ಆ ಸಂಸ್ಥೆಗೆ ಸರಿಯಾದ ಆಯ್ಕೆ. ಒಂದರಲ್ಲಿ ಸೋತರೂ ಉಳಿದ ಸೌಲಭ್ಯಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಅದನ್ನು ಬದಲಿಸುವುದೇ ಲೇಸು.